ಎರಡೂವರಿ ತಿಂಗಳದಾಗ ಏಳು ಕೆಜಿ ಏರಿದ ರಗ್ಬಿ ಹುಡುಗ: ಮೊಣಕಾಲ ನೋವಿಗೂ ತೂಕಕ್ಕೂ ಸಂಬಂಧ ಐತೇನ್ರಿ?

ಪ್ರಶ್ನೆ: ಸರ್, ನಮ್ಮ ಅಕ್ಕನ ಮಗ, ವಯಸ್ಸು 16, ಊರು ಮೂಡಲಗಿ ಕಡೆ. ಬೆಳಗಾವಿಯೊಳಗ ಪಿಯುಸಿ ಫಸ್ಟ್ ಇಯರ್ ಓದಾಕತ್ತಾನ, ನಮ್ಮ ಮನ್ಯಾಗ ಇರ್ತಾನ. ಹೋದ ವರ್ಷದಿಂದ ರಗ್ಬಿ ಸೆವೆನ್ಸ್ ಆಡ್ತಾನ, ಓಟ ಚಲೋ ಐತಿ ಅಂತ ವಿಂಗ್ (ಮೈದಾನದ ಅಂಚಿಗೆ ಓಡಾವನ ಜಾಗ) ನಿಲ್ಲಸ್ತಾರ. ಸಂಕ್ರಮಣ ಆದ ಮ್ಯಾಲ ಟ್ರಯಲ್ಸ್ ಐತಿ, ಅಷ್ಟರೊಳಗ 72 ಕೆಜಿ ಮಾಡ್ಕೊಂಡ ಬಾ ಅಂತ ಕೋಚ್ ಹೇಳ್ಯಾರ. 61 ಇದ್ದಾವ ಎರಡೂವರಿ ತಿಂಗಳದಾಗ 68 ಆಗ್ಯಾನ. ಜಿಮ್ಮಿನವರು ಮಾಸ್ ಗೇನರ್ ಡಬ್ಬಿ ಕೊಟ್ಟಾರ, ಹಸಿವಿ ಆಗಾಕ ಗುಳಿಗಿನೂ ಕೊಟ್ಟಾರಂತ. ಈಗ ಒಂದ ತಿಂಗಳಿಂದ ಬಲಗಡೆ ಮೊಣಕಾಲ ನೋವು, ಮೆಟ್ಟಲ ಇಳಿಯೂವಾಗ ಮುಖ ಕಿವುಚ್ತಾನ. ತೂಕ ಹೆಚ್ಚಾದ್ರ ಟ್ಯಾಕಲ್‌ನ್ಯಾಗ (ಬಾಲ್ ಹಿಡದಾವನ್ನ ಅವುಚಿ ಕೆಡವೂದು) ಪೆಟ್ಟು ಕಡಿಮಿ ಆಗತೈತಿ ಅಂತಾರ, ಖರೇ ಏನ್ರಿ? 72 ತನಕ ಹೋಗೂದೋ ಇಲ್ಲಿಗೇ ನಿಲ್ಲಸೂದೋ? ನಮ್ಮ ಮನ್ಯಾಗ ತತ್ತಿ, ಮಾಂಸ ಇಲ್ಲ. ತಲಿಗಿ ಹಾಕೋ ಸ್ಕ್ರಮ್ ಕ್ಯಾಪ್ ತರಸ್ಬೇಕೋ ಹೆಂಗ ಅದನ್ನೂ ಹೇಳ್ರಿ.

ಉತ್ತರ: ಅಣ್ಣಾರ, ನೀವು ಮೊಣಕಾಲ ಬಗ್ಗೆ ಕೇಳೀರಿ, ನಾ ಮಾತ್ರ ಗುಳಿಗಿಯಿಂದ ಸುರು ಮಾಡ್ತೀನಿ, ಯಾಕಂದ್ರ ಅದು ಅರ್ಜೆಂಟ್ ಐತಿ. ಯಾವ ಗುಳಿಗಿ ಅಂತ ನೀವು ಬರದಿಲ್ಲ. ಹುಡುಗನ ಕಡಿಂದ ಆ ಸ್ಟ್ರಿಪ್ ಇಸಗೊಂಡು ಹಿಂದ ಸಣ್ಣ ಅಕ್ಷರದಾಗ ಏನ ಬರದೈತಿ ಓದ್ರಿ, ಬಿಡಿ ಗುಳಿಗಿ ಕಾಗದದಾಗ ಕಟ್ಟಿ ಕೊಟ್ಟಿದ್ರ ಹೆಸರೂ ಇಲ್ಲ ಏನೂ ಇಲ್ಲ ಅಂದ್ರ ಇನ್ನೂ ಜಾಸ್ತಿ ಅನುಮಾನ ಪಡ್ರಿ. ನಮ್ಮ ಕಡೆ ದಪ್ಪ ಆಗಾಕಂತ ಕೊಡೋ ಗುಳಿಗಿಯೊಳಗ ಹೆಚ್ಚಾಗಿ ಸಿಗೋವು ಎರಡ ಹೆಸರು. ಒಂದು ಸಿಪ್ರೊಹೆಪ್ಟಡೀನ್, ಇದು ಮೂಲದಾಗ ಅಲರ್ಜಿ ಔಷಧ, ಹಸಿವಿ ಹೆಚ್ಚ ಮಾಡತೈತಿ, ಅದರ ಜೋಡಿ ನಿದ್ದಿ ಮಂಪರೂ ತರತೈತಿ, ಅರ್ಧ ನಿದ್ದಿಗಣ್ಣಾಗ ಟ್ಯಾಕಲ್‌ಗ ಹೋಗೋ ಹುಡುಗ ಎಲ್ಲಿ ತಲಿ ಇಡ್ತಾನ ಹೇಳ್ರಿ. ಇನ್ನೊಂದು ಡೆಕ್ಸಾಮೆಥಾಸೋನ್, ಇದು ಸ್ಟೀರಾಯ್ಡ್. ಇದನ್ನ ತಗೊಂಡ್ರ ಗಲ್ಲ ಉಬ್ಬತೈತಿ, ತೂಕ ಏರತೈತಿ, ಮನಿ ಮಂದಿ ಹುಡುಗ ಮೈ ತುಂಬ್ಕೊಂಡಾನ ಅಂತ ಖುಷಿ ಪಡ್ತಾರ. ಒಳಗ ನೋಡಿದ್ರ ಸ್ನಾಯು ಸವಿತಿರ್ತಾವ, ಎಲುವು ತೆಳ್ಳಗ ಆಗತಿರ್ತಾವ, ಬೆಳಿಯೋ ವಯಸ್ಸಿನಾವಂದು ಎತ್ತರ ನಿಧಾನ ಆಗತೈತಿ, ಬಿಪಿ ಶುಗರ್ ಏರ್ತಾವ. ವಾರಗಟ್ಟಲೆ ತಗೊಂಡಿದ್ರ ಒಮ್ಮಿಂದೊಮ್ಮೆ ನಿಲ್ಲಸೂದೂ ಡೇಂಜರ್, ಯಾಕಂದ್ರ ದೇಹ ತಾನ ಮಾಡ್ಕೊಳ್ಳೋ ಸ್ಟೀರಾಯ್ಡ್ ಅಷ್ಟೊತ್ತಿಗೆ ಬಂದ್ ಆಗಿರತೈತಿ. ಅದಕ್ಕ ಈ ಹೆಸರ ಕಂಡ್ರ ಸ್ಟ್ರಿಪ್ ತಗೊಂಡು ಎಂಡಿ ಡಾಕ್ಟರ್ ಕಡೆ ನಾಳೆನೇ ಹೋಗ್ರಿ, ನೀವ ನಿರ್ಧಾರ ಮಾಡ್ಬ್ಯಾಡ್ರಿ.

ಮೂರನೇದು ಕೆಲವು ಜಿಮ್ಮಿನ್ಯಾಗ ಓಡಾಡೋ ಮೆಥಾಂಡಿನೋನ್ ತರದ ಅನಾಬಾಲಿಕ್ (ಸ್ನಾಯು ಬೆಳಸೋ ಸ್ಟೀರಾಯ್ಡ್) ಗುಳಿಗಿ. ಇದು ಸ್ನಾಯು ಖರೇನೇ ಬೆಳಸ್ತೈತಿ, ಅದಕ್ಕ ಹುಡುಗ್ರು ಬೀಳ್ತಾರ. 16ರ ಹುಡುಗಗ ಇದು ಎಲುವಿನ ತುದಿಯೊಳಗಿನ ಗ್ರೋತ್ ಪ್ಲೇಟ್ ಟೈಮಿಗಿಂತ ಮೊದಲ ಮುಚ್ಚಸ್ತೈತಿ, ಅಂದ್ರ ಎತ್ತರ ಅಲ್ಲಿಗೇ ಖತಂ. ಡೋಪಿಂಗ್ ಮಾತು ಬ್ಯಾರೆನೇ ಐತಿ: ನಮ್ಮ ದೇಶದಾಗ 2022ರಿಂದ ಅದಕ್ಕಂತನೇ ಕಾಯ್ದೆ ಬಂದೈತಿ, ನಾಡಾ (ಡೋಪಿಂಗ್ ತಡಿಯೋ ರಾಷ್ಟ್ರೀಯ ಸಂಸ್ಥೆ) ಟೆಸ್ಟ್ ಮಾಡಿದಾಗ ಜಿಮ್ಮಿನವರು ಕೊಟ್ಟಿದ್ರು ಅಂದ್ರ ಯಾರೂ ಕೇಳೂದಿಲ್ಲ, ಮೈಯೊಳಗ ಏನ ಸಿಕ್ತೋ ಅದಕ್ಕ ಆಟಗಾರನೇ ಜವಾಬ್ದಾರ. ದಕ್ಷಿಣ ಆಫ್ರಿಕಾದಾಗ ಕ್ರೇವನ್ ವೀಕ್ ಅಂತ ಶಾಲಿ ಹುಡುಗ್ರ ದೊಡ್ಡ ರಗ್ಬಿ ಟೂರ್ನಿ ಐತಿ, ಅಲ್ಲಿ ಮೀಸಿ ಮೂಡದ ಹುಡುಗ್ರು ಸ್ಟೀರಾಯ್ಡ್‌ಗ ಪಾಸಿಟಿವ್ ಬಂದದ್ದು ಒಂದ ಸಲ ಅಲ್ಲ. ಅಲ್ಲಿ ಸುದ್ದಾ ಸುರುವಾದದ್ದು ಇದ ಮಾತಿನಿಂದ, "ಇನ್ನ ಸ್ವಲ್ಪ ದಪ್ಪ ಆಗು".

ಮಾಸ್ ಗೇನರ್ ವಿಷ ಏನಲ್ರಿ. ಡಬ್ಬಿ ತಿರುವಿ ಓದಿದ್ರ ಗೊತ್ತಾಗತೈತಿ, ಅದರಾಗ ಹೆಚ್ಚಿನ ಪಾಲು ಮಾಲ್ಟೋಡೆಕ್ಸ್‌ಟ್ರಿನ್ ಅನ್ನೋ ಹಿಟ್ಟು-ಸಕ್ಕರಿ ಬಾಬತ್ತು, ಪ್ರೋಟೀನ್ ಸ್ವಲ್ಪ, ರೊಕ್ಕ ಜಾಸ್ತಿ. ಅಮೀನಗಡ ಕರದಂಟು ತಿಂದ್ರ ಅಂಟು, ಬದಾಮಿ, ಗೋಡಂಬಿ ಆದ್ರೂ ಹೊಟ್ಟಿಗಿ ಬೀಳ್ತಾವ. ಡಬ್ಬಿ ಖಾಲಿ ಆದ ಮ್ಯಾಲ ಮತ್ತೊಂದ ತರಬ್ಯಾಡ್ರಿ, ಅಷ್ಟ.

ಈಗ ಮೊಣಕಾಲ. ಎಲ್ಲಿ ನೋಯ್ತೈತಿ ಅಂತ ಒಂದ ಬೆರಳ ಇಟ್ಟು ತೋರ್ಸಂತ ಹೇಳ್ರಿ, ಕೈಯೆಲ್ಲ ಸವರಿ ತೋರ್ಸೂದು ಬ್ಯಾಡ. ಚಿಪ್ಪಿನ ಕೆಳಗ ಎರಡ ಬೆರಳ ದೂರ ಕಾಲಿನ ಎಲುವಿನ ಮ್ಯಾಲ ಗಂಟಿನಂಗ ಉಬ್ಬಿ ಒತ್ತಿದ್ರ ಜೀವ ಹೋದಂಗ ಆದ್ರ ಅದು ಆಸ್‌ಗುಡ್ ಶ್ಲಾಟರ್ ಇರಬಹುದು, ಬೆಳಿಯೋ ಹುಡುಗ್ರೊಳಗ ತೊಡಿ ಸ್ನಾಯು ತನ್ನ ಟೆಂಡನ್ (ಸ್ನಾಯುವನ್ನ ಎಲುವಿಗೆ ಕಟ್ಟೋ ಹುರಿ) ಮೂಲಕ ಇನ್ನೂ ಗಟ್ಟಿ ಆಗದ ಎಲುವನ್ನ ಜಗ್ಗಿ ಜಗ್ಗಿ ಬರೋ ನೋವು ಅದು. ಚಿಪ್ಪಿನ ಕೆಳಗಿನ ಅಂಚಿಗೇ ನೋವು ಅಂದ್ರ ಪಟೆಲ್ಲಾರ್ ಟೆಂಡನ್. ಚಿಪ್ಪಿನ ಸುತ್ತ, ಹಿಂದ, ಮೆಟ್ಟಲ ಇಳಿಯೂವಾಗ, ಸಿನಿಮಾ ನೋಡ್ಕೋತ ಭಾಳ ಹೊತ್ತು ಕುಂತು ಎದ್ದಾಗ ಅಂದ್ರ ಚಿಪ್ಪಿಗೂ ತೊಡಿ ಎಲುವಿಗೂ ನಡುವಿಂದು. ಮೂರಕ್ಕೂ ತೂಕ ಲಗೂನ ಏರಿದ್ದು ಎಣ್ಣಿ ಸುರದಂಗ.

ಆದ್ರ ಇವೆಲ್ಲಕ್ಕಿಂತ ಮೊದಲ ಒಂದು ಪರೀಕ್ಷೆ ಮಾಡ್ರಿ, ಇದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ. ಹುಡುಗನ್ನ ಅಂಗಾತ ಮಲಗಿಸಿ ಬಲ ಮೊಣಕಾಲ ಮಡಚಿ ಎದಿ ಕಡೆ ತರ್ರಿ. ಕಾಲು ನೆಟ್ಟಗ ಬರದ ತಾನ ಹೊರಗ ವಾಲಿದ್ರ, ಪಾದ ಹೊರಗ ಮಾಡಿ ಕುಂಟಕೋತ ನಡದ್ರ, ನೋವಿನ ಮೂಲ ಮೊಣಕಾಲ ಅಲ್ಲ, ಸೊಂಟದ ಕೀಲು ಇರಬಹುದು. ಹನ್ನೆರಡರಿಂದ ಹದಿನಾರರ ಆಸುಪಾಸಿನ ಹುಡುಗ್ರಿಗೆ ತೊಡಿ ಎಲುವಿನ ತಲಿ ಗ್ರೋತ್ ಪ್ಲೇಟ್ ಮ್ಯಾಲಿಂದ ಜಾರೋ ಒಂದ ತೊಂದರಿ ಐತಿ, ಅದಕ್ಕ ಮೈತೂಕ ದೊಡ್ಡ ಕಾರಣ, ಮತ್ತ ಮೋಸ ಏನಂದ್ರ ನೋವು ಎಷ್ಟೋ ಸಲ ಸೊಂಟಕ್ಕ ಬರದ ಮೊಣಕಾಲಿಗೇ ಬರತೈತಿ, ಮಂದಿ ಮೊಣಕಾಲಿಂದು ಎಕ್ಸ್‌ರೇ ತಗಸಿ ಏನೂ ಇಲ್ಲ ಅಂತ ಎಣ್ಣಿ ತಿಕ್ಕೋತ ಕುಂತಿರ್ತಾರ. ಅದು ಜಾರಿದ್ರ ತಡ ಮಾಡದ ಆಪರೇಶನ್ ಬೇಕು, ಒಂದ ಹೆಜ್ಜಿನೂ ಓಡಾಕ ಬಿಡಬಾರ್ದು. ನಿಮ್ಮ ಹುಡುಗಗ ಅದ ಐತಿ ಅಂತ ನಾ ಹೇಳವಲ್ಲೆ, ಇಲ್ಲ ಅಂತ ಖಾತ್ರಿ ಮಾಡ್ಕೊಂಡ ಮುಂದ ಹೋಗೋಣು ಅಂತೀನಿ. ಬೆಳಗಾವಿ ಸರಕಾರಿ ಆಸ್ಪತ್ರಿ ಬಿಮ್ಸ್‌ನ ಆರ್ಥೋ (ಎಲುವು ಕೀಲು) ಓಪಿಡಿಯೊಳಗ ತೋರ್ಸಿದ್ರೂ ನಡಿತೈತಿ, "ಸೊಂಟದ್ದೂ ಎಕ್ಸ್‌ರೇ ತಗೀರಿ" ಅಂತ ಬಾಯಿ ಬಿಟ್ಟ ಕೇಳ್ರಿ. ಇದರ ಹೊರತು ರಾತ್ರಿ ನಿದ್ದಿಯಿಂದ ಎಬ್ಬಸೋ ನೋವು, ಕೀಲು ಬಾವು, ಕಾಲು ನೆಟ್ಟಗ ಮಾಡಿ ಎತ್ತಾಕ ಬರದೇ ಇರೂದು ಇವು ಕಂಡ್ರೂ ಕಾಯಬ್ಯಾಡ್ರಿ. ಬೆನ್ನು ನೋಯ್ತೈತೇನು ಅದನ್ನೂ ಕೇಳ್ರಿ, ಈ ವಯಸ್ಸಿನಾಗ ಭಾರ ಎತ್ತಿ ಬೆನ್ನಿನ ಎಲುವಿನಾಗ ಸಣ್ಣ ಬಿರುಕ ಬಿಡೂದು ನಾವು ಆಗಾಗ ನೋಡ್ತೀವಿ, ಹುಡುಗ್ರು ಹೇಳೂದಿಲ್ಲ, ಟ್ರಯಲ್ಸ್ ತಪ್ಪತೈತಿ ಅಂತ ಮುಚ್ಚಿಟ್ಕೋತಾರ.

ತೂಕ ಮತ್ತ ನೋವಿನ ಸಂಬಂಧಕ್ಕ ಬರೋಣು. ಓಡೂವಾಗ ಪ್ರತಿ ಹೆಜ್ಜಿಗೂ ನೆಲ ತಿರುಗಿ ಕೊಡೋ ಹೊಡತ ಮೈತೂಕದ ಎರಡರಿಂದ ಮೂರು ಪಟ್ಟು ಇರತೈತಿ. ಏಳು ಕೆಜಿ ಏರಿದ್ರ ಹೆಜ್ಜಿಗಿ ಹದಿನಾಲ್ಕರಿಂದ ಇಪ್ಪತ್ತೊಂದು ಕೆಜಿ ಎಕ್ಸ್ಟ್ರಾ, ಒಂದ ಪ್ರಾಕ್ಟೀಸಿನ್ಯಾಗ ಸಾವಿರಾರು ಹೆಜ್ಜಿ, ಜಿಗಿದು ಇಳಿಯೂದು, ಗಕ್ಕನ ನಿಲ್ಲೂದು, ಸೈಡ್‌ಸ್ಟೆಪ್ ಹಾಕೂದು ಅಂದ್ರ ಇನ್ನೂ ಜಾಸ್ತಿ. ಇದನ್ನ ತಡಕೊಳ್ಳೋ ಭಾಗಗಳು ಎಲ್ಲಾ ಒಂದ ಸ್ಪೀಡಿನ್ಯಾಗ ಗಟ್ಟಿ ಆಗೂದಿಲ್ಲ, ಇದ ನೋಡ್ರಿ ಇಡೀ ವಿಷಯದ ಬೇರು. ಜಿಮ್ಮಿಗಿ ಹೋದ ಮೊದಲ ತಿಂಗಳೊಪ್ಪತ್ತು ಶಕ್ತಿ ಏರೂದು ಮುಖ್ಯವಾಗಿ ನರಗಳು ಕೆಲಸ ಕಲ್ತದ್ದಕ್ಕ, ಆಮ್ಯಾಲ ಸ್ನಾಯು ಬೆಳೀತಾವ, ಅವಕ್ಕ ರಕ್ತ ಸಮೃದ್ಧಿ ಐತಿ. ಟೆಂಡನ್‌ಗ ರಕ್ತ ಕಡಿಮಿ, ಅದು ಬಿಗಿ ಆಗಾಕ ತಿಂಗಳಗಟ್ಟಲೆ ಹಿಡಿತೈತಿ. ಎಲುವಂತೂ ಇನ್ನೂ ನಿಧಾನ, ಹುಡುಗ ಜೋರಾಗಿ ಎತ್ತರ ಆಗೋ ಕಾಲದಾಗ ಎಲುವು ಮೊದಲ ಉದ್ದ ಆಗತೈತಿ, ಸುಣ್ಣದಂಶ ತುಂಬೂದು ಅದರ ಹಿಂದಿನಿಂದ, ಅದಕ್ಕ ಆ ವಯಸ್ಸಿನಾಗ ಬಿದ್ದ್ರ ಕೈ ಮುರಿಯೂದು ಜಾಸ್ತಿ. ಮತ್ತ ಹೊಟ್ಟಿ ಮ್ಯಾಲಿನ ಕೊಬ್ಬು ಮಾತ್ರ ಎಲ್ಲಾಕ್ಕಿಂತ ಲಗೂನ ಬರತೈತಿ. ಕಬ್ಬಿನ ಸೀಸನ್‌ನ್ಯಾಗ ನಮ್ಮ ಕಡೆ ನೋಡೂದ ಇದೇ, ಟ್ರ್ಯಾಕ್ಟರ್ ಎಳಿತೈತಿ ಅಂತ ಎರಡ ಟ್ರಾಲಿ ಹೇರಿ ಬಿಡ್ತಾರ, ಎಂಜಿನ್ ಎಳಿತೈತಿ ಖರೆ, ಇಳಿಜಾರಿನ್ಯಾಗ ಬ್ರೇಕು ಹುಕ್ಕು ತಡಿಯೂದಿಲ್ಲ.

ಇಷ್ಟಕ್ಕೂ ಎಷ್ಟ ಸ್ಪೀಡ್ ಸರಿ ಅಂದ್ರ, ವಾರಕ್ಕ ಮೈತೂಕದ ಕಾಲು ಪರ್ಸೆಂಟಿನಿಂದ ಅರ್ಧ ಪರ್ಸೆಂಟ್, ಅಂದ್ರ 61 ಕೆಜಿ ಹುಡುಗಗ ವಾರಕ್ಕ ನೂರೈವತ್ತರಿಂದ ಮುನ್ನೂರು ಗ್ರಾಂ. ನಿಮ್ಮಾವ ಏರಿದ್ದು ವಾರಕ್ಕ ಏಳ್ನೂರು ಗ್ರಾಂ ಹತ್ರ, ಎರಡ ಪಟ್ಟಿಗಿಂತ ಜಾಸ್ತಿ. ಅದರಾಗ ಸ್ನಾಯು ಎಷ್ಟು, ಕೊಬ್ಬು ಎಷ್ಟು, ನೀರು ಎಷ್ಟು ಅಂತ ತಕ್ಕಡಿ ಹೇಳೂದಿಲ್ಲ. ಹಾಂ, ಎತ್ತರ ಅಳದೀರೇನು? ಈ ಎರಡೂವರಿ ತಿಂಗಳದಾಗ ಎತ್ತರನೂ ಮ್ಯಾಲ ಹೋಗಿದ್ರ ಒಂದಿಷ್ಟು ತೂಕ ಬೆಳವಣಿಗೆದ್ದು, ಅದನ್ನ ಬೈಯಾಕ ಬರೂದಿಲ್ಲ. ಪ್ರತಿ ತಿಂಗಳ ಒಂದನೇ ತಾರೀಕು ಗ್ವಾಡಿಗಿ ನಿಲ್ಲಿಸಿ ಪೆನ್ಸಿಲ್‌ಲೆ ಗೆರಿ ಹೊಡೀರಿ, ಡಾಕ್ಟರಿಗೂ ಉಪಯೋಗ ಆಗತೈತಿ.

ತೂಕ ಹೆಚ್ಚಾದ್ರ ಟ್ಯಾಕಲ್‌ನ್ಯಾಗ ಪೆಟ್ಟು ಕಡಿಮಿ ಅನ್ನೂದು ಅರ್ಧ ಖರೆ, ಅರ್ಧ ಜಿಮ್ಮಿನ ಮಾತು. ರಗ್ಬಿಯೊಳಗ ಮ್ಯಾಚಿನ ಪೆಟ್ಟಿನ ದೊಡ್ಡ ಪಾಲು ಟ್ಯಾಕಲ್‌ನ್ಯಾಗ ಆಗತಾವ, ಹೊಡಿಯಾವಗೂ ಆಗತಾವ ಹೊಡಸ್ಕೊಳ್ಳಾವಗೂ ಆಗತಾವ. ಒಂದ ಕಡೆ 55 ಕೆಜಿ ಇನ್ನೊಂದ ಕಡೆ 90 ಕೆಜಿ ಇದ್ರ ಹಗುರ ಇದ್ದಾವಗ ತ್ರಾಸು, ಇದಕ್ಕ ಯಾರದೂ ತಕರಾರಿಲ್ಲ, ಅದಕ್ಕ ನ್ಯೂಜಿಲೆಂಡಿನ್ಯಾಗ ಸಣ್ಣ ಹುಡುಗ್ರಿಗೆ ವಯಸ್ಸಿನ ಜೋಡಿ ತೂಕ ನೋಡಿ ಗ್ರೇಡ್ ಮಾಡೋ ಪದ್ಧತಿ ಐತಿ, 19ರ ಒಳಗಿನವರ ಆಟದಾಗ ಸ್ಕ್ರಮ್ (ಎರಡೂ ಟೀಮಿನವರು ಹೆಗಲ ಹಚ್ಚಿ ನೂಕೂದು) ಒಂದೂವರಿ ಮೀಟರ್‌ಗಿಂತ ಜಾಸ್ತಿ ನೂಕಬಾರ್ದು ಅಂತ ರೂಲೇ ಐತಿ. ಆದ್ರ ದಪ್ಪ ಹುಡುಗನ ಕೈಯಾಗೇ ಎಲ್ಲಾರೂ ಬಾಲ್ ಕೊಟ್ಟು ನುಗ್ಗು ಅಂತಾರ, ಅವಗ ಡಿಕ್ಕಿ ಜಾಸ್ತಿ ಬೀಳ್ತಾವ, ಹಿಂಗಾಗಿ ಹಗುರ ಇದ್ದಾವಗೇ ಪೆಟ್ಟು ಜಾಸ್ತಿ ಅನ್ನೋ ಸೀದಾ ಲೆಕ್ಕ ಮೈದಾನದಾಗ ಸಿಗೂದಿಲ್ಲ.

ಒಂದ ಲೆಕ್ಕ ಮಾತ್ರ ಪಕ್ಕಾ ಸಿಗತೈತಿ, ಶಾಲಿ ಫಿಸಿಕ್ಸ್. ಉದಾಹರಣಿಗಿ 61 ಕೆಜಿ ಹುಡುಗ ಸೆಕೆಂಡಿಗೆ 8 ಮೀಟರ್ ಓಡಿ ಬಂದ್ರ ಅವನ ಮೊಮೆಂಟಮ್ (ತೂಕ ಗುಣಿಸು ಸ್ಪೀಡ್, ಅಂದ್ರ ಡಿಕ್ಕಿಯ ಜೋರು) 488. ಅವನ 68 ಕೆಜಿ ಆಗಿ, ಮೈ ಭಾರ ಆಗಿ, ಸ್ಪೀಡ್ 7.2ಕ್ಕ ಇಳಿದ್ರ ಮೊಮೆಂಟಮ್ ಹತ್ತತ್ರ 490. ಏಳು ಕೆಜಿಗಂತ ಅಷ್ಟೆಲ್ಲ ತಿಂದು, ರೊಕ್ಕ ಸುರದು, ಮೊಣಕಾಲ ಕೆಡಿಸ್ಕೊಂಡು ಡಿಕ್ಕಿ ಅಷ್ಟಕ್ಕಷ್ಟೇ ಉಳೀತು! ಡಿಕ್ಕಿಯ ಎನರ್ಜಿ ಲೆಕ್ಕ ಹಾಕಿದ್ರಂತೂ ಕಡಿಮಿನೇ ಆತು, ಅದರಾಗ ಸ್ಪೀಡಿನ ವರ್ಗ ಬರತೈತಿ. ಮತ್ತ 10 ಮೀಟರ್ ಓಡಾಕ 1.25 ಸೆಕೆಂಡ್ ಹಿಡಿಯೂದು ಹೋಗಿ 1.39 ಹಿಡಿದ್ರ ವಿಂಗ್ ಆಡಾವನ ಕಥಿ ಮುಗೀತು, ಹಿಂದಿನಾವ ಜರ್ಸಿ ಹಿಡಿತಾನ.

ಅದಕ್ಕ ನನಗ ಆ 72 ಅನ್ನೋ ನಂಬರೇ ಅರ್ಥ ಆಗವಲ್ದು. ಹದಿನೈದು ಮಂದಿ ರಗ್ಬಿಯೊಳಗ ಫ್ರಂಟ್ ರೋ (ಸ್ಕ್ರಮ್ಮಿನ ಮುಂದಿನ ಸಾಲು) ಆಡಾವ ಆಗಿದ್ರ ಮಾತ ಬ್ಯಾರೆ ಇತ್ತು. ಸೆವೆನ್ಸ್ ಅಂದ್ರ ಅಷ್ಟ ದೊಡ್ಡ ಮೈದಾನದಾಗ ಏಳ ಮಂದಿ, ಏಳ ನಿಮಿಷದ್ದು ಎರಡ ಹಾಫ್, ಒಂದ ದಿನದಾಗ ಎರಡು ಮೂರು ಮ್ಯಾಚ್. 2016ರಿಂದ ಒಲಿಂಪಿಕ್ಸ್‌ನ್ಯಾಗ ಇರೂದು ಇದ ಆಟ, 2025ರ ಜೂನ್‌ನ್ಯಾಗ ಮುಂಬೈಯೊಳಗ ಆದ ರಗ್ಬಿ ಪ್ರೀಮಿಯರ್ ಲೀಗೂ ಇದ ಆಟ, ಬೆಂಗಳೂರ ಬ್ರೇವ್‌ಹಾರ್ಟ್ಸ್ ಅಂತ ನಮ್ಮ ರಾಜ್ಯದ ಹೆಸರಿನ ಟೀಮೂ ಇತ್ತು, ನಿಮ್ಮ ಹುಡುಗ ಆ ಮ್ಯಾಚ್ ನೋಡೇ ನೋಡಿರ್ತಾನ. ಅಲ್ಲಿ ಮಂದಿ ಗೆಲ್ಲೂದು ಖಾಲಿ ಜಾಗದಾಗ ಓಡಿ, ಮತ್ತ ಐದನೇ ನಿಮಿಷದಾಗೂ ಅದ ಓಟ ಓಡಿ. ದೊಡ್ಡ ಮೈ ಬೇಕು ಅನ್ನೋ ಹುಚ್ಚು ಹದಿನೈದರ ಆಟದಿಂದ ಬಂದದ್ದು, ಅದು 1995ರಾಗ ಪ್ರೊಫೆಶನಲ್ ಆದ ಮ್ಯಾಲ ಜೋರ ಆತು. ಯುರೋಪಿನ ಅಂತರರಾಷ್ಟ್ರೀಯ ಆಟಗಾರ್ರು 1955ರಾಗ ಸರಾಸರಿ 85 ಕೆಜಿ ಹತ್ರ ಇದ್ರು, 2015ಕ್ಕ 105 ಹತ್ರ ಆದ್ರು. ಇಪ್ಪತ್ತು ಕೆಜಿ ಏರಾಕ ಆ ಆಟಕ್ಕ ಅರವತ್ತು ವರ್ಷ ಹಿಡೀತು, ಅದೂ ಡಾಕ್ಟರು, ಫಿಸಿಯೋ, ಅಡಗಿಯವರು ಎಲ್ಲಾ ಕೈಯಾಗ ಇದ್ದವರಿಗೆ, ನಮ್ಮ ಹುಡುಗಗ ಸಂಕ್ರಮಣದೊಳಗ ಹನ್ನೊಂದು ಬೇಕಂತ.

ಕೋಚ್ ಮ್ಯಾಲ ನನಗ ಸಿಟ್ಟಿಲ್ಲ. ಟ್ರಯಲ್ಸ್‌ನ್ಯಾಗ ಮೈ ನೋಡಿ ಆರಸ್ತಾರ ಅಂತ ಅವರಿಗೂ ಗೊತ್ತು, ಹುಡುಗ ಕಣ್ಣಿಗಿ ಬೀಳ್ಲಿ ಅಂತ ಹೇಳಿರ್ತಾರ. ಆದ್ರ ನಮ್ಮ ತಾಲೀಮಿನ ಪದ್ಧತಿ ನೋಡ್ರಿ, ಆನಂದವಾಡಿ ಆಖಾಡಾಕ್ಕ ಇಳಿಯೋ ಪೈಲ್ವಾನರು ಇರ್ಲಿ, ಮುಧೋಳ ಜಮಖಂಡಿ ಕಡೆ ಗರಡಿ ಮನಿ ಹುಡುಗ್ರು ಇರ್ಲಿ, ಒಬ್ಬ ಚಲೋ ವಸ್ತಾದ ಹೊಸಾ ಹುಡುಗನ್ನ ತಂದ ಕೂಡ್ಲೆ ದೊಡ್ಡವನ ಜೋಡಿ ಹಿಡಿಸೂದಿಲ್ಲ, ಮಣ್ಣು ಹದ ಮಾಡಸ್ತಾನ, ಡಂಡ ಬೈಠಕ್ ಹೊಡಸ್ತಾನ, ಕುತಗಿ ತಿಕ್ಕಸ್ತಾನ. ಹಾಲು ತುಪ್ಪ ಬದಾಮಿ ಅಲ್ಲೂ ಇರತೈತಿ, ಆದ್ರ ತಿನ್ನೂದು ಮೈ ದುಡಿದ ಮ್ಯಾಲ, ವರ್ಷಗಟ್ಟಲೆ. ಈಗಿನ ಜಿಮ್ಮಿನ್ಯಾಗ ತಿನ್ನೂದು ಮೊದಲ ಬಂದೈತಿ.

ಕುತಗಿ ಅಂದಮ್ಯಾಲ ನೆನಪಾತು, ಇದು ಭಾಳ ಮಂದಿ ಬಿಟ್ಟುಬಿಡೋ ಜಾಗ. ಎದಿ, ತೋಳು, ತೊಡಿ ದಪ್ಪ ಆದ್ರ ಕುತಗಿ ತಾನ ಗಟ್ಟಿ ಆಗೂದಿಲ್ಲ. ಭಾರ ಏರಿದ ಮೈ, ಹಳೇ ಕುತಗಿ, ಟ್ಯಾಕಲ್‌ನ್ಯಾಗ ತಲಿ ತಪ್ಪ ಜಾಗಕ್ಕ ಹೋತಂದ್ರ ಹೊಡತ ಅಲ್ಲೇ ಇಳಿತೈತಿ, ಕೈಯಾಗ ಕರೆಂಟ್ ಹೊಡದಂಗ ಜುಮ್ಮಂತೈತಿ. ತೂಕ ಬದಲಾದ ಹುಡುಗನ ಟೈಮಿಂಗೂ ಕೆಡತೈತಿ, ಮೊದಲ ಮೂರು ಹೆಜ್ಜಿಗೆ ನಿಲ್ತಿದ್ದಾವ ಈಗ ನಾಲ್ಕಕ್ಕ ನಿಲ್ತಾನ, ಆ ಒಂದ ಹೆಜ್ಜಿಯೊಳಗ ಮೊಣಕಾಲ ಒಳಗ ತಿರುಗಿ ಎಸಿಎಲ್ (ಮೊಣಕಾಲ ಕೀಲಿನೊಳಗಿನ ಕಟ್ಟು) ಹರಿಯೋ ಸಂದರ್ಭ ಬರತೈತಿ, ಯಾರೂ ಮುಟ್ಟದನ.

ಹಿಂಗಾಗಿ ನನ್ನ ಸಲಹೆ: 72 ಬಿಡ್ರಿ. 68ರ ಮ್ಯಾಲ ಆರೆಂಟು ವಾರ ನಿಲ್ಲಸ್ರಿ, ಒಂದೆರಡು ಕೆಜಿ ತಾನ ಇಳಿದ್ರ ಇಳೀಲಿ. ಸೊಂಟದ ಎಕ್ಸ್‌ರೇ ಸರಿ ಬಂದು, ನೋವು ಟೆಂಡನ್ ಅಥವಾ ಆಸ್‌ಗುಡ್ ಅಂತ ಗೊತ್ತಾದ್ರ ಆಟ ಪೂರ್ತಿ ಬಂದ್ ಮಾಡೂದು ಬ್ಯಾಡ, ಮಲಗಿಸಿದ್ರ ಟೆಂಡನ್ ಇನ್ನೂ ಸೊರಗತೈತಿ. ಜಿಗಿಯೂದು, ಫುಲ್ ಸ್ಪ್ರಿಂಟು, ಡೀಪ್ ಸ್ಕ್ವಾಟು ಕಡಿಮಿ ಮಾಡ್ರಿ, ಪಾಸಿಂಗು, ಟ್ಯಾಕಲ್ ಟೆಕ್ನಿಕ್ಕು ಮೊಣಕಾಲೂರಿ ಅಲ್ಲದ ನಿಂತ ನಡ್ಕೋತ ಮಾಡ್ಲಿ, ಗ್ವಾಡಿಗಿ ಬೆನ್ನು ಹಚ್ಚಿ ಕುರ್ಚಿ ತರ ಕುಂತು ಮೂವತ್ತರಿಂದ ನಲವತ್ತೈದು ಸೆಕೆಂಡ್ ಹಿಡಿಯೂದು ಐದ ಸಲ, ದಿನಾ. ನೋವಿಗೆ ಹತ್ತಕ್ಕ ಎಷ್ಟ ಮಾರ್ಕ್ಸ್ ಅಂತ ಅವನ್ನ ಕೇಳ್ರಿ, ಮೂರರ ತನಕ ನಡಿತೈತಿ, ಮರುದಿನ ಮುಂಜಾನಿ ನಿನ್ನೆಗಿಂತ ಜಾಸ್ತಿ ಆಗಿದ್ರ ಹಿಂದಿನ ದಿನ ಮಾಡಿದ್ದು ಜಾಸ್ತಿ ಆತು ಅಂತ ಲೆಕ್ಕ. ನೋವಿನ ಗುಳಿಗಿ ನುಂಗಿ ಆಡಸ್ಬ್ಯಾಡ್ರಿ, ಆ ಜಾಗಕ್ಕ ಇಂಜೆಕ್ಷನ್ ಅಂತೂ ಬ್ಯಾಡೇಬ್ಯಾಡ.

ವರ್ಲ್ಡ್ ರಗ್ಬಿಯವರ ಆಕ್ಟಿವೇಟ್ ಅಂತ ಒಂದ ವಾರ್ಮ್‌ಅಪ್ ಐತಿ, ಪುಕ್ಕಟೆ, ಇಪ್ಪತ್ತು ನಿಮಿಷದ್ದು, ಬ್ಯಾಲೆನ್ಸು, ಇಳಿಯೂದು, ತಿರುಗೂದು, ಕುತಗಿ ಎಲ್ಲಾ ಅದರಾಗ ಅದಾವ. ಇಂಗ್ಲೆಂಡಿನ ಶಾಲಿ ಹುಡುಗ್ರ ಮ್ಯಾಲ ನೋಡಿದಾಗ ವಾರಕ್ಕ ಮೂರ ಸಲ ತಪ್ಪದ ಮಾಡಿದ ಟೀಮ್‌ಗಳಾಗ ಪೆಟ್ಟು ಭಾಳ ಕಡಿಮಿ ಬಂದಿದ್ವು, ತಲಿ ಪೆಟ್ಟು ಸುದ್ದಾ. ಕೋಚ್ ಅವರಿಗೆ ಇದನ್ನ ತೋರ್ಸ್ರಿ, 72ರ ಜಗಳ ತಗೀಬ್ಯಾಡ್ರಿ, "ಸರ್, ಇಡೀ ಟೀಮಿಗೆ ಇದನ್ನ ಮಾಡಸೋಣು, ನಮ್ಮ ಹುಡುಗನ 30 ಮೀಟರ್ ಟೈಮು, ನಿಂತ ಜಿಗಿತ ವಾರ ವಾರ ಬರಕೋರಿ" ಅನ್ರಿ. ತೂಕ ಏರಿ ಟೈಮೂ ಸುಧಾರಿಸಿದ್ರ ಆ ತೂಕ ಉಪಯೋಗದ್ದು, ತೂಕ ಏರಿ ಟೈಮ್ ಕೆಟ್ರ ಯಾವ ಕೋಚಿಗೂ ಹೇಳೂದು ಬೇಕಾಗೂದಿಲ್ಲ, ಕಾಗದದ ಮ್ಯಾಲೇ ಕಾಣತೈತಿ. ನೋವು ಇಳಿದ ಮ್ಯಾಲ ತೂಕ ಏರಸೂದಾದ್ರ ವಾರಕ್ಕ ಇನ್ನೂರು ಮುನ್ನೂರು ಗ್ರಾಂ, ಮುಂಜಾನಿ ಸಂಡಾಸಕ್ಕ ಹೋಗಿ ಬಂದ ಮ್ಯಾಲ ತೂಗಿ ವಾರದ ಸರಾಸರಿ ತಗೀರಿ, ದಿನದ ನಂಬರ್ ನೋಡಿ ಹೌಹಾರಬ್ಯಾಡ್ರಿ.

ತತ್ತಿ ಮಾಂಸ ಇಲ್ಲ ಅಂತ ಚಿಂತಿ ಮಾಡೀರಿ, ಬೇಕಾಗಿಲ್ಲ. ಕೆಜಿಗಿ 1.6 ಗ್ರಾಂ ಪ್ರೋಟೀನ್ ಹಿಡದ್ರ 68 ಕೆಜಿಗೆ ದಿನಕ್ಕ 110 ಗ್ರಾಂ ಹತ್ರ. ಜ್ವಾಳದ ರೊಟ್ಟಿ ಐದು ತಿಂದ್ರ ಇಪ್ಪತ್ತರ ಮ್ಯಾಲ ಅಲ್ಲೇ ಬಂತು, ಮುಕ್ಕಾಲು ಲೀಟರ್ ಹಾಲು ಇಪ್ಪತ್ನಾಲ್ಕು, ಹೆಸರು ಮಡಕಿ ತೊಗರಿ ಬ್ಯಾಳಿ ಎಲ್ಲಾ ಸೇರಿ ಎರಡ ಬಟ್ಟಲ ಹದಿನಾಲ್ಕು, ಐವತ್ತು ಗ್ರಾಂ ಹತ್ರ ಶೇಂಗಾ ಹನ್ನೆರಡು, ಮೊಸರು ಏಳು, ಅನ್ನದ್ದು ಐದು, ಉಳಿದದ್ದು ಐವತ್ತು ಗ್ರಾಂ ಸೋಯಾ ಚಂಕ್ಸ್, ಅದರಾಗ ಇಪ್ಪತ್ತಾರರ ಹತ್ರ ಐತಿ, ಪಲ್ಯಾದಾಗ ಹಾಕಿದ್ರ ನಿಮ್ಮ ಮನಿಯವರಿಗೆ ತ್ರಾಸಿಲ್ಲ. ಒಂದ ಹೊತ್ತಿಗೇ ತುರುಕಬ್ಯಾಡ್ರಿ, ನಾಲ್ಕ ಹೊತ್ತಿಗಿ ಹಂಚ್ರಿ. ನಿದ್ದಿ ಎಂಟ ತಾಸು, ಮೊಬೈಲ್ ಹೊರಗ ಇಟ್ಟು. ಕ್ರಿಯಾಟಿನ್ ಬಗ್ಗೆ ಜಿಮ್ಮಿನವರು ಹೇಳೇ ಹೇಳ್ತಾರ, ಅದು ಬ್ಯಾನ್ ಏನಿಲ್ಲ, ಆದ್ರ ಮೊದಲ ವಾರದಾಗ ಏರೋ ಒಂದೆರಡು ಕೆಜಿ ಬರೇ ನೀರು, ಮತ್ತ 18ರ ಒಳಗ ಬ್ಯಾಡ ಅಂತ ಮಕ್ಕಳ ಡಾಕ್ಟರು ಹೇಳ್ತಾರ, ನಾನೂ ಅದನ್ನ ಹೇಳ್ತೀನಿ. ಬ್ಯಾಸಗಿ ಕ್ಯಾಂಪ್ ವಿಜಯಪುರ, ಬಾಗಲಕೋಟಿ ಕಡೆ ಆದ್ರ ಮುಂಜಾನಿ ಬಿಸಲು ಏರೂದ್ರೊಳಗ ಮುಗಿಸೋ ಹಂಗ ನೋಡ್ರಿ, ನಲವತ್ತರ ಬಿಸಲಿನ್ಯಾಗ ಭಾರ ಇದ್ದ ಮೈ ಲಗೂನ ಕಾಯ್ತೈತಿ.

ಸ್ಕ್ರಮ್ ಕ್ಯಾಪ್ ತರಸ್ರಿ, ಕಿವಿ ಹರಿಯೂದು, ಚರ್ಮ ತರಚೂದು ತಪ್ಪತೈತಿ. ಕನ್ಕಶನ್, ಅಂದ್ರ ತಲಿಯೊಳಗ ಮೆದುಳು ಅಲುಗೋ ಪೆಟ್ಟು, ಅದರಿಂದ ತಪ್ಪೂದಿಲ್ಲ, ಕ್ಯಾಪ್ ಐತಿ ಅಂತ ತಲಿ ಕೊಟ್ಟು ನುಗ್ಗಬಾರ್ದು ಅಂತ ತಿಳಿಸಿ ಹೇಳ್ರಿ. ಡಿಕ್ಕಿ ಆದ ಮ್ಯಾಲ ಕಣ್ಣು ಮಂಜು, ವಾಂತಿ, ಸ್ಕೋರ್ ಎಷ್ಟಂತ ನೆನಪಿಲ್ಲ ಅಂದ್ರ ಆ ದಿನ ಮತ್ತ ಮೈದಾನಕ್ಕ ಇಳಿಸೂದಿಲ್ಲ, ಫೈನಲ್ ಇದ್ರೂ ಇಳಿಸೂದಿಲ್ಲ. ಎಕ್ಸ್‌ರೇ ಮತ್ತ ಆ ಗುಳಿಗಿ ಸ್ಟ್ರಿಪ್‌ನ ಫೋಟೋ ಕಳಸ್ರಿ, ನೋಡಿ ಮುಂದಿಂದ ಹೇಳ್ತೀನಿ.